ಗ್ರಾಫಿಕ್ಸ್ ಕಾರ್ಡ್ ಇಲ್ಲದವನ ಸ್ಟಾಕ್‌ಫಿಶ್, ಲೀಲಾ

ಸ್ಟಾಕ್‌ಫಿಶ್, ಲೀಲಾ ಎರಡೂ ಚೆಸ್ ಆಟ ವಿಶ್ಲೇಷಿಸುವ ಪ್ರೋಗ್ರಾಂಗಳು, ಅಂದರೆ ಎಂಜಿನ್‌ಗಳು. ಎರಡೂ ಪುಕ್ಕಟೆ, ಎರಡನ್ನೂ ವರ್ಷಗಳಿಂದ ಬಳಸುತ್ತಿದ್ದೇನೆ. ಆದರೆ ನನ್ನದು ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೇ ಲ್ಯಾಪ್‌ಟಾಪು. ಒಳ್ಳೆ ಕಾರ್ಡ್ ಇರುವವರ ತೀರ್ಪು ಬೇರೆ ಇರಬಹುದು.

ಸಂಜೆ ಪಂದ್ಯ ಮುಗಿಸಿ ಬಂದರೆ ನನ್ನದೊಂದು ಕ್ರಮವಿದೆ. ಕಾಫಿ ಬೆರೆಸಿಕೊಂಡು, ಸ್ಕೋರ್‌ಶೀಟ್ ನೋಡುತ್ತಾ ನಡೆಗಳನ್ನು ಒಂದೊಂದಾಗಿ ಕೈಯಾರೆ ಹಾಕುತ್ತೇನೆ. ಬ್ರೌಸರ್ ಮುಚ್ಚುತ್ತೇನೆ. ಅನುಮಾನದ ಜಾಗದಲ್ಲಿ ಮೊದಲು ಲೀಲಾ. ಅದನ್ನು ಪೂರ್ತಿ ನಿಲ್ಲಿಸಿದ ಮೇಲೆ ಸ್ಟಾಕ್‌ಫಿಶ್. ಎರಡನ್ನೂ ಒಟ್ಟಿಗೆ ಓಡಿಸಿದರೆ ಪ್ರೊಸೆಸರಿಗಾಗಿ ಕಿತ್ತಾಡುತ್ತವೆ, ಹೋಲಿಕೆಗೆ ಅರ್ಥವೇ ಉಳಿಯುವುದಿಲ್ಲ. ಸ್ಟಾಕ್‌ಫಿಶ್‌ನ ಹ್ಯಾಶ್ (ಹಿಂದೆ ಲೆಕ್ಕ ಹಾಕಿದ್ದನ್ನು ಇಟ್ಟುಕೊಳ್ಳುವ ನೆನಪು) ಖಾಲಿ ಮಾಡುವುದನ್ನೂ ಮರೆಯಬೇಡಿ. ಹಿಂದಿನ ಸಲ ಕಂಡ ಉತ್ತರವನ್ನೇ ಹೊಸದಾಗಿ ಹುಡುಕಿದಂತೆ ತೋರಿಸಿಬಿಡುತ್ತದೆ.

ಹೊಡೆತಗಳ, ಅಂದರೆ ಲೆಕ್ಕ ಹಾಕಿ ಕಾಯಿ ಗೆಲ್ಲುವ ಉಪಾಯಗಳ, ವಿಷಯದಲ್ಲಿ ನನ್ನ ಮನೆಯಲ್ಲಿ ಸ್ಪರ್ಧೆಯೇ ಇಲ್ಲ. ಸ್ಟಾಕ್‌ಫಿಶ್ ಸೆಕೆಂಡಿಗೆ ಬೋರ್ಡಿನ ಲಕ್ಷಗಟ್ಟಲೆ ಸ್ಥಿತಿ ನೋಡುತ್ತದೆ. ಲೀಲಾ ಪ್ರತಿ ಸ್ಥಿತಿಗೂ ತನ್ನ ದೊಡ್ಡ ನರಜಾಲವನ್ನು (ನ್ಯೂರಲ್ ನೆಟ್‌ವರ್ಕ್) ಕೇಳಬೇಕು, ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಅದು ಬಹಳ ನಿಧಾನ. ಫ್ಯಾನ್ ಕಿರುಚಿದರೂ ಲೆಕ್ಕ ಮೇಲೇಳುವುದಿಲ್ಲ. ಸ್ಟಾಕ್‌ಫಿಶ್‌ಗೂ ನರಜಾಲ ಇದೆ, ಆದರೆ ಅದು ಯು ನಾಸು 2018ರಲ್ಲಿ ಶೋಗಿ (ಜಪಾನಿ ಚೆಸ್) ಪ್ರೋಗ್ರಾಂಗಳಿಗಾಗಿ ರೂಪಿಸಿದ ಪುಟ್ಟ ಬಗೆಯದು. ಸಾಮಾನ್ಯ ಪ್ರೊಸೆಸರಿನಲ್ಲೇ ಸಲೀಸಾಗಿ ಓಡುತ್ತದೆ. 2020ರಲ್ಲಿ ಬಂದ 12ನೇ ಆವೃತ್ತಿಯಿಂದ ಅದು ಸೇರಿದ್ದು ನನ್ನಂಥ ಬಡಪಾಯಿಗಳಿಗೆ ಹಬ್ಬವೇ ಸರಿ.

ಇಷ್ಟಿದ್ದೂ ಸ್ಟಾಕ್‌ಫಿಶ್ ಮೇಲೆ ನನಗೊಂದು ಸಿಟ್ಟಿದೆ. ಗಿಜ್ಸ್ ವಾನ್ ಬ್ರೂಕೆಲೆನ್ ರಚಿಸಿದ ಒಂದು ಸಮಸ್ಯೆಯನ್ನು 1987ರಲ್ಲಿ ಬ್ರಸೆಲ್ಸ್‌ನಲ್ಲಿ ಜೇಮ್ಸ್ ಪ್ಲಾಸ್ಕೆಟ್ ದೊಡ್ಡ ದೊಡ್ಡ ಆಟಗಾರರ ಮುಂದಿಟ್ಟರು. ಬಿಡಿಸಿದವರು ಮಾಜಿ ವಿಶ್ವ ಚಾಂಪಿಯನ್ ಮಿಖಾಯಿಲ್ ತಾಲ್. ಬಿಳಿ ಆಗತಾನೇ ಪಡೆದ ರಾಣಿಯನ್ನು ಕೊಟ್ಟುಬಿಡುತ್ತದೆ, ಕಪ್ಪು ತನ್ನ ಪಾನ್‌ಗಳನ್ನು ರಾಣಿಯ ಬದಲು ಕುದುರೆ ಮಾಡಿಕೊಳ್ಳಬೇಕಾಗುತ್ತದೆ, ಆದರೂ ಕೊನೆಗೆ ಒಂಟೆಯಿಂದ ಮೇಟ್. ಇದನ್ನು ಕೊಟ್ಟರೆ ಸ್ಟಾಕ್‌ಫಿಶ್ ಬಹಳ ಹೊತ್ತು ಕಪ್ಪೇ ಗೆಲ್ಲುತ್ತದೆ ಅನ್ನುತ್ತದೆ, ಅದೂ ಎಂಥಾ ಧೈರ್ಯದಿಂದ! ಕೆಲಸಕ್ಕೆ ಬಾರದಂತೆ ಕಾಣುವ ನಡೆಗಳನ್ನು ಕತ್ತರಿಸಿ ಎಸೆದೇ ಅದು ಅಷ್ಟು ಆಳಕ್ಕೆ ಹೋಗುವುದು. ಇಲ್ಲಿ ಅಂಥ ನಡೆಯೇ ಉತ್ತರ. ಮಲ್ಟಿಪಿವಿ (ಎಷ್ಟು ಸಾಲು ತೋರಿಸಬೇಕೆಂಬ ಸೆಟ್ಟಿಂಗ್) ಏರಿಸಿ, ನಾಲ್ಕೈದು ಸಾಲು ಒಟ್ಟಿಗೆ ನೋಡು ಅಂದರೆ ಇಂಥ ಕಡೆ ಎಷ್ಟೋ ಸಲ ಬೇಗ ದಾರಿಗೆ ಬರುತ್ತದೆ. ಮಾಮೂಲಿ ವಿಶ್ಲೇಷಣೆಗೆ ಮಾತ್ರ ಅದನ್ನು ಒಂದಕ್ಕೇ ಇಳಿಸಿಡಿ. ಇನ್ನು ಲೀಲಾ? ಕಾದು ಕಾದು ನಾನೇ ನಿಲ್ಲಿಸಿದೆ.

ಹಳೇ ಪರೀಕ್ಷಾ ಸ್ಥಿತಿಗಳನ್ನು ಕೊಟ್ಟು ಅಂಕ ಎಣಿಸುವ ಗೋಜಿಗೆ ಈಗ ಹೋಗುವುದಿಲ್ಲ. ಮನುಷ್ಯರಿಗೆಂದು ಮಾಡಿದ ‘ವಿನ್ ಅಟ್ ಚೆಸ್’ ಪುಸ್ತಕದ 300 ಸಮಸ್ಯೆಗಳ ಪ್ರಸಿದ್ಧ ಪಟ್ಟಿಯನ್ನು ಇಂದಿನ ಎಂಜಿನ್‌ಗಳು ಕಡಲೆಪುರಿ ತಿಂದಂತೆ ಮುಗಿಸುತ್ತವೆ. ಅದರಿಂದ ಯಾವುದು ಗಟ್ಟಿ ಅನ್ನುವುದು ಗೊತ್ತಾಗುವುದಿಲ್ಲ.

ಹಾಗಾದರೆ ಲೀಲಾ ಯಾಕೆ ಇನ್ನೂ ಇಟ್ಟುಕೊಂಡಿದ್ದೀಯಾ ಅಂದರೆ, ಅದರ ನಿಧಾನವೇ ನನಗೆ ಉಪಯೋಗಕ್ಕೆ ಬಂದಿದೆ. ನನ್ನ ತಪ್ಪು ನಡೆ ಕಂಡರೆ ಸ್ಟಾಕ್‌ಫಿಶ್ ಕಣ್ಣು ಮುಚ್ಚಿ ಬಿಡುವುದರೊಳಗೆ ಮೈನಸ್ ನಾಲ್ಕು, ಅಂದರೆ ಆಟ ಹೋದಂತೆಯೇ, ಎಂದು ಮುಖಕ್ಕೆ ರಾಚುತ್ತದೆ. ಅದೇ ಹೊಡೆತ ಕಾಣಲು ಲೀಲಾ ಒಂದೆರಡು ನಿಮಿಷ ತೆಗೆದುಕೊಂಡಿತೋ, ಗಡಿಯಾರದ ಒತ್ತಡದಲ್ಲಿ ಕೂತ ನನ್ನ ಎದುರಾಳಿಗೂ ಅದು ಬಹುಶಃ ಕಂಡಿರಲಾರದು. ಅಂಥ ನಡೆಗೆ ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಹಾಕುವುದಿಲ್ಲ. ಎರಡೂ ಎಂಜಿನ್‌ಗಳಿಗೆ ತಕ್ಷಣ ಕಂಡಿದ್ದರೆ ಮಾತ್ರ ಹಾಕುತ್ತೇನೆ.

ಕಾರ್ಡ್ ಕೊಳ್ಳುವ ಯೋಚನೆ ಸದ್ಯಕ್ಕೆ ಬಿಟ್ಟಿದ್ದೇನೆ. ಆ ದುಡ್ಡಿಗೆ ಎಷ್ಟೋ ಟೂರ್ನಮೆಂಟುಗಳ ಎಂಟ್ರಿ ಫೀ ಆಗುತ್ತದೆ.