ಗಾಲ್ಫ್‌ನಲ್ಲಿ ಗುರಿ ಹಿಡಿಯಲು: ಕಡ್ಡಿ, ಹುಲ್ಲಿನ ಗುರುತು, ಬಾಲ್ ಮೇಲಿನ ಗೆರೆ

ಬಾಲ್ ಹಿಂದೆ ನಿಂತರೆ ಫ್ಲಾಗ್, ಅಂದರೆ ಕುಳಿಯಲ್ಲಿ ನೆಟ್ಟ ಬಾವುಟ, ನೇರವಾಗಿ ಕಾಣುತ್ತದೆ. ಹೊಡೆಯಲು ಪಕ್ಕಕ್ಕೆ ಬಂದರೆ ಅದನ್ನೇ ಕತ್ತು ತಿರುಗಿಸಿ ಓರೆಯಾಗಿ ನೋಡಬೇಕು. ಎಡವಟ್ಟು ಶುರುವಾಗುವುದೇ ಅಲ್ಲಿ. ಬಲಗೈ ಆಟಗಾರರು ಎಷ್ಟೋ ಸಲ ಪಾದಗಳನ್ನೇ ಫ್ಲಾಗ್ ಕಡೆಗೆ ಜೋಡಿಸುತ್ತಾರೆ. ಆದರೆ ಪಾದದ ಗೆರೆಯೂ ಬಾಲ್ ಹೋಗುವ ಗೆರೆಯೂ ರೈಲು ಹಳಿಗಳ ಹಾಗೆ ಜೊತೆಜೊತೆಗೆ ಸಾಗಬೇಕು. ಅಂದರೆ ಪಾದದ ಗೆರೆ ಫ್ಲಾಗ್‌ಗಿಂತ ಸ್ವಲ್ಪ ಎಡಕ್ಕಿರಬೇಕು. ಇಲ್ಲದಿದ್ದರೆ ಇಡೀ ಗುರಿ ಬಲಕ್ಕೆ ತಿರುಗುತ್ತದೆ. 150 ಗಜಕ್ಕೆ 5 ಡಿಗ್ರಿ ತಪ್ಪಿದರೆ ಬಾಲ್ ಸುಮಾರು 13 ಗಜ ಆಚೆ ಬೀಳುತ್ತದೆ. ಅದನ್ನು ಸರಿ ಮಾಡಲು ಕೈ ತಾನಾಗಿ ಕ್ಲಬ್ಬನ್ನು (ಹೊಡೆಯುವ ಕೋಲನ್ನು) ಎಡಕ್ಕೆ ಎಳೆಯುತ್ತದೆ. ಆಮೇಲೆ ಸುಮ್ನೆ ಸ್ವಿಂಗ್ (ಕ್ಲಬ್ ಬೀಸುವ ರೀತಿ) ಕೆಟ್ಟಿದೆ ಅಂತ ಕೊರಗುತ್ತೇವೆ, ಅಲ್ವಾ?

ಇದಕ್ಕೆ ಮೂರು ಉಪಾಯಗಳನ್ನು ಮಾಡಿ ನೋಡಿದ್ದೇನೆ.

ಮೊದಲನೆಯದು ಕಡ್ಡಿ. ಡ್ರೈವಿಂಗ್ ರೇಂಜ್‌ನಲ್ಲಿ (ಹೊಡೆತ ಅಭ್ಯಾಸ ಮಾಡುವ ಜಾಗದಲ್ಲಿ) ಪಾದದ ಮುಂದೆ ಅಲೈನ್‌ಮೆಂಟ್ ಸ್ಟಿಕ್, ಅಂದರೆ ಗುರಿ ಜೋಡಿಸುವ ನೇರ ಕಡ್ಡಿ, ಇಟ್ಟರೆ ಕಣ್ಣಿನ ಮೋಸ ತಕ್ಷಣ ಗೊತ್ತಾಗುತ್ತದೆ. ಸರಿಯಾಗಿ ನಿಂತಾಗ ಮೊದಮೊದಲು ತೀರಾ ಎಡಕ್ಕೆ ನಿಂತ ಹಾಗೆ ಅನಿಸುತ್ತದೆ. ಆ ಅನಿಸಿಕೆ ಹೋಗುವ ತನಕ ಕಡ್ಡಿ ಬಿಡಬಾರದು. ನಿಂತು ಹೊಡೆಯುವ ಮ್ಯಾಟ್‌ನ ಅಂಚನ್ನಂತೂ ನಂಬಲೇಬೇಡಿ, ಅದು ಫ್ಲಾಗ್ ಕಡೆಗೇ ಇರಬೇಕೆಂದಿಲ್ಲ. ಕಡ್ಡಿಯ ದೊಡ್ಡ ಕೊರತೆ ಅಂದರೆ ಪಂದ್ಯದಲ್ಲಿ ಅದನ್ನು ಹೀಗೆ ಬಳಸುವಂತಿಲ್ಲ. ಪಾದ ಜೋಡಿಸಲು ಏನನ್ನಾದರೂ ನೆಲದ ಮೇಲಿಟ್ಟು ನಿಂತರೆ, ಹೊಡೆಯುವ ಮೊದಲು ತೆಗೆದರೂ ದಂಡ ತಪ್ಪುವುದಿಲ್ಲ. ನೀವು ನಿಲ್ಲಲು ಶುರು ಮಾಡಿದ ಮೇಲೆ ಕ್ಯಾಡಿ (ಆಟಗಾರನ ಸಹಾಯಕ) ಹಿಂದೆ ನಿಂತು ಗುರಿ ನೋಡಿ ಹೇಳುವುದಕ್ಕೂ 2019ರಿಂದ ಅವಕಾಶವಿಲ್ಲ.

ಎರಡನೆಯದು ಅಮೆರಿಕದ ದಿಗ್ಗಜ ಗಾಲ್ಫರ್ ಜಾಕ್ ನಿಕ್ಲಾಸ್ ಹೆಸರುವಾಸಿ ಮಾಡಿದ ದಾರಿ. ಬಾಲ್ ಹಿಂದೆ ನಿಂತು, ಫ್ಲಾಗ್ ಗೆರೆಯ ಮೇಲೇ ಬಾಲ್‌ಗಿಂತ ಕೊಂಚ ಮುಂದೆ ಒಂದು ಎಲೆಯನ್ನೋ ಹುಲ್ಲಿನ ಕಲೆಯನ್ನೋ ಆರಿಸಬೇಕು. ಮೊದಲು ಕ್ಲಬ್ ಮುಖವನ್ನು ಆ ಗುರುತಿಗೆ ಇಡಬೇಕು, ಪಾದ ಆಮೇಲೆ. ಈ ಕ್ರಮ ತಿರುಗಿದರೆ ಉಪಾಯವೇ ವ್ಯರ್ಥ. ಅಲ್ಲೇ ಇರುವ ಗುರುತಾದ್ದರಿಂದ ನಿಯಮದ ತೊಂದರೆಯೂ ಇಲ್ಲ.

ಮೂರನೆಯದು, ಬಾಲ್ ಮೇಲೆ ಗೆರೆ ಎಳೆದು ಅದನ್ನು ಗುರಿಯ ಕಡೆಗೆ ತಿರುಗಿಸಿ ಇಡುವುದು. ಇದು ಮುಖ್ಯವಾಗಿ ಪಟ್‌ಗೆ, ಅಂದರೆ ಬಾಲನ್ನು ಕುಳಿಯ ಕಡೆಗೆ ಉರುಳಿಸುವ ಹೊಡೆತಕ್ಕೆ. ಕುಳಿಯ ಅಗಲ 108 ಮಿ.ಮೀ. 10 ಅಡಿಯಿಂದ 1 ಡಿಗ್ರಿ ತಪ್ಪಿದರೆ ಬಾಲ್ ಐದು ಸೆಂ.ಮೀ. ಸರಿದು ಕುಳಿಯ ಅಂಚಿಗೆ ಹೋಗುತ್ತದೆ. ಹಾಗಾಗಿ ಹತ್ತಿರದ ನೇರ ಪಟ್‌ಗೆ ಗೆರೆ ನಿಜಕ್ಕೂ ಆಸರೆ. ದೂರದ ಪಟ್‌ನಲ್ಲಿ ವೇಗವೇ ಜಾಸ್ತಿ ಮುಖ್ಯ, ಅಲ್ಲಿ ನಾನು ಗೆರೆಯನ್ನು ಕಣ್ಣಿಗೆ ಬೀಳದ ಹಾಗೆ ತಿರುಗಿಸಿ ಇಡುತ್ತೇನೆ.

ಒಂದನ್ನೇ ಆರಿಸಿ ಅಂದರೆ ನನ್ನ ಆಯ್ಕೆ ನಿಕ್ಲಾಸ್ ದಾರಿ. ಗುರುತು ಮಾತ್ರ ಬಾಲ್‌ನಿಂದ ಎರಡು ಮೂರು ಅಡಿಯೊಳಗೇ ಇರಲಿ. ಅದಕ್ಕಿಂತ ದೂರವಾದರೆ ಮತ್ತೆ ಕತ್ತು ತಿರುಗಿಸಲೇಬೇಕಾಗುತ್ತದೆ.