ಬಾಡಿ ಲಿಫ್ಟ್ ಆದ ಹಳೆ ಟೊಯೊಟಾ ಪಿಕಪ್: ಫ್ಯಾನ್ ಶ್ರೌಡ್‌ಗೆ ಗರಗಸ ಹಾಕುವ ಮುಂಚೆ ಇದನ್ನು ಓದಿ

ಗಾಡಿ 1985ರ ಟೊಯೊಟಾ ಪಿಕಪ್, ಅಮೆರಿಕದ್ದು, ಫೋರ್ ವೀಲ್ ಡ್ರೈವ್, 22ಆರ್ ಇಂಜಿನ್. ದೊಡ್ಡ ಟೈರಿಗೆ ಜಾಗ ಮಾಡಲು 3 ಇಂಚಿನ ಬಾಡಿ ಲಿಫ್ಟ್ ಹಾಕಲಾಗಿತ್ತು, ಅಂದರೆ ಚಾಸಿಯನ್ನು ಇದ್ದಲ್ಲೇ ಬಿಟ್ಟು ಬಾಡಿಯನ್ನಷ್ಟೇ ಮೇಲೆತ್ತಲಾಗಿತ್ತು. ಸ್ಟಾರ್ಟ್ ಮಾಡಿದ ಕೂಡಲೇ ಫ್ಯಾನ್, ಗಾಳಿಯನ್ನು ರೇಡಿಯೇಟರ್ ಮೂಲಕವೇ ಎಳೆಯುವಂತೆ ತನ್ನ ಸುತ್ತ ಕೂರಿಸಿದ ಹೊದಿಕೆಯಾದ ಶ್ರೌಡ್‌ನ ಕೆಳ ಅಂಚಿಗೆ ತಾಗಿ ಕರಕರ ಸದ್ದು. ವರ್ಕ್‌ಶಾಪಿನಲ್ಲಿ ತಾಗುವ ಜಾಗವನ್ನಷ್ಟೇ ಅರ್ಧಚಂದ್ರಾಕಾರವಾಗಿ ಕೊಯ್ದು, ಅರ್ಧ ಇಂಚು ಗ್ಯಾಪ್ ಬಿಟ್ಟು, ಕೆಲಸ ಮುಗಿಯಿತು ಎಂದರು. ಟಾರ್ ರಸ್ತೆಯಲ್ಲಿ ತೊಂದರೆ ಕಾಣಲಿಲ್ಲ. ಕಲ್ಲುದಾರಿಯಲ್ಲಿ ಮುಂದಿನ ಒಂದು ಚಕ್ರ ಮೇಲೆದ್ದಾಗ ಚಾಸಿ ತಿರುಚಿಕೊಂಡು, ರೆಕ್ಕೆ ಆ ಕೊಯ್ದ ಅಂಚಿಗೆ ಹೊಡೆಯಿತು. ಪ್ಲಾಸ್ಟಿಕ್ ರೆಕ್ಕೆ ಮುರಿದು ರೇಡಿಯೇಟರಿನ ತಣಿಸುವ ಜಾಲರಿಗೆ, ಅಂದರೆ ಕೋರ್‌ಗೆ ನೆಟ್ಟಿತು. ಕೂಲೆಂಟ್ ಸೋರಿ ಖಾಲಿಯಾದರೂ ಟೆಂಪರೇಚರ್ ಮುಳ್ಳು ಕೆಂಪಿಗೆ ಏರಲಿಲ್ಲ. ಸೆನ್ಸರ್ ನೀರಿನಲ್ಲಿ ಮುಳುಗಿಲ್ಲದಿದ್ದರೆ ಅದು ತೋರಿಸುವ ಲೆಕ್ಕವನ್ನು ನಂಬುವಂತಿಲ್ಲ. 22ಆರ್‌ನ ಬ್ಲಾಕ್ ಎರಕದ ಕಬ್ಬಿಣ, ಅದರ ಮೇಲೆ ಕೂರುವ ಹೆಡ್ ಅಲ್ಯೂಮಿನಿಯಂ. ಕಾವು ಮಿತಿಮೀರಿದರೆ ಮೊದಲು ಸೊಟ್ಟಗಾಗುವುದೇ ಹೆಡ್. ಇಲ್ಲೂ ಅದೇ ಆಯಿತು, ಎರಡರ ನಡುವಿನ ಗ್ಯಾಸ್ಕೆಟ್ ಕೂಡ ಹೋಯಿತು.

ಈ ಗಾಡಿಯಲ್ಲಿ ಇಂಜಿನ್ ಚಾಸಿಯ ಮೇಲೆ ಕೂತಿದೆ, ರೇಡಿಯೇಟರ್ ಬಾಡಿಯ ಮುಂಭಾಗಕ್ಕೆ ಬೋಲ್ಟ್ ಆಗಿದೆ. ಬಾಡಿ 3 ಇಂಚು ಎದ್ದರೆ ರೇಡಿಯೇಟರ್, ಶ್ರೌಡ್ ಎರಡೂ 76 ಎಂಎಂ ಮೇಲೇರುತ್ತವೆ, ಇಂಜಿನ್ನಿಗೆ ಕಟ್ಟಿರುವ ಫ್ಯಾನ್ ಇದ್ದಲ್ಲೇ ಇರುತ್ತದೆ. ರೆಕ್ಕೆಯ ತುದಿಗೂ ಶ್ರೌಡ್‌ಗೂ ಒಂದು ಇಂಚಿನ ಆಸುಪಾಸು ಜಾಗ ಇತ್ತೆಂದುಕೊಂಡರೂ ಕೆಳಗೆ ಎರಡು ಇಂಚು ಒಂದರ ಮೇಲೊಂದು ಬರುತ್ತವೆ. 1 ಇಂಚಿನ ಲಿಫ್ಟ್ ಸಾಮಾನ್ಯವಾಗಿ ನಡೆದುಹೋಗುತ್ತದೆ, 2 ಇಂಚಿನಿಂದ ಮೇಲೆ ರೇಡಿಯೇಟರ್ ಕೆಲಸವನ್ನೂ ಲಿಫ್ಟಿನ ಲೆಕ್ಕಕ್ಕೇ ಸೇರಿಸಿಕೊಳ್ಳಿ.

ಶ್ರೌಡ್ ಕೊಯ್ಯುವುದರಿಂದ ಎರಡು ನಷ್ಟ. ಕೆಳಗೆ ತೆರೆದ ಬಾಯಿಯಿಂದ ಫ್ಯಾನ್ ಕೋರ್ ಬಿಟ್ಟು ಇಂಜಿನ್ ಕಡೆಯ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಮೇಲಿನ 3 ಇಂಚು ಕೋರ್ ಮೇಲೆ ಫ್ಯಾನಿನ ಎಳೆತ ಕಡಿಮೆಯಾಗುತ್ತದೆ. ಶ್ರೌಡ್ ಪೂರ್ತಿ ತೆಗೆದರೆ ಇನ್ನೂ ಕೆಟ್ಟದು. ಹೈವೇಯಲ್ಲಿ ಎದುರುಗಾಳಿಯೇ ತಂಪು ಮಾಡುವುದರಿಂದ ತಪ್ಪು ಗೊತ್ತೇ ಆಗುವುದಿಲ್ಲ. ಟ್ರಾಫಿಕ್‌ನಲ್ಲಿ, ಲೋ ಗೇರಿನ ಏರಿನಲ್ಲಿ ಮುಳ್ಳು ಏರತೊಡಗುತ್ತದೆ. ಶ್ರೌಡ್ ಒಂದನ್ನೇ 3 ಇಂಚು ಇಳಿಸಿ ಕಟ್ಟುವವರೂ ಇದ್ದಾರೆ. ಆಗ ಮೇಲಿನ 3 ಇಂಚು ಕೋರ್ ಶ್ರೌಡ್‌ನ ಹೊರಗುಳಿಯುತ್ತದೆ, ಕೆಳಗೆ ಶ್ರೌಡ್ ಕೋರ್ ದಾಟಿ ನೇತಾಡುತ್ತದೆ. ಆ ಎರಡೂ ಸಂದನ್ನು ಅಲ್ಯೂಮಿನಿಯಂ ಶೀಟಿನಿಂದ ಮುಚ್ಚದೆ ಬಿಟ್ಟರೆ ಪ್ರಯೋಜನವಿಲ್ಲ.

ಸರಿಯಾದ ದಾರಿ ರೇಡಿಯೇಟರನ್ನೇ ಲಿಫ್ಟ್ ಎಷ್ಟೋ ಅಷ್ಟು ಕೆಳಗಿಳಿಸುವುದು. ಆಗ ರೇಡಿಯೇಟರ್, ಶ್ರೌಡ್, ಫ್ಯಾನ್ ಮೂರೂ ಕಂಪನಿ ಇಟ್ಟ ಸಂಬಂಧಕ್ಕೇ ಮರಳುತ್ತವೆ. ಹೋಸ್ ಪೈಪುಗಳನ್ನೂ ಎಳೆದು ಕೂರಿಸಬೇಕಿಲ್ಲ. ಬೇಕಾದ್ದು ನಾಲ್ಕು ಬ್ರಾಕೆಟ್: 25 ಎಂಎಂ ಅಗಲ, 5 ಎಂಎಂ ದಪ್ಪದ ಕಬ್ಬಿಣದ ಪಟ್ಟಿ, ಎರಡು ತೂತುಗಳ ನಡುವೆ 76 ಎಂಎಂ. ತಣ್ಣಗಿರುವಾಗ ಕೂಲೆಂಟ್ ಇಳಿಸಿ, ಬ್ಯಾಟರಿ ನೆಗೆಟಿವ್ ಬಿಚ್ಚಿ, ಬ್ರಾಕೆಟ್ಟುಗಳನ್ನು ಬಾಡಿಗೆ ಕಟ್ಟಿ, ಅವಕ್ಕೆ ರೇಡಿಯೇಟರ್ ಕೂರಿಸಿ. ಒಂದು ಸೂಕ್ಷ್ಮ ಇಲ್ಲಿದೆ: ಪಟ್ಟಿಯ ದಪ್ಪದಷ್ಟು ರೇಡಿಯೇಟರ್ ಫ್ಯಾನ್ ಕಡೆಗೆ ಸರಿಯುತ್ತದೆ. ಫ್ಯಾನಿಗೂ ಕೋರ್‌ಗೂ ಒಂದು ಇಂಚು ಉಳಿದಿದೆಯೇ ಎಂದು ಅಳೆಯಿರಿ. ಕೆಳಗಿನ ಟ್ಯಾಂಕ್ ಯಾವ ಅಡ್ಡಪಟ್ಟಿಗೂ ತಾಗಬಾರದು. ರೇಡಿಯೇಟರ್ ಮೇಲೆ ಈಗ ಬೀಳುವ 3 ಇಂಚಿನ ಕಿಂಡಿಯನ್ನು 1.5 ಎಂಎಂ ಅಲ್ಯೂಮಿನಿಯಂ ಶೀಟ್ ಇಲ್ಲವೇ ದಪ್ಪ ರಬ್ಬರಿನಿಂದ ಮುಚ್ಚಲೇಬೇಕು. ಬಿಟ್ಟರೆ ಬಾನೆಟ್ ಒಳಗಿನ ಬಿಸಿ ಗಾಳಿ ಸುತ್ತಿಕೊಂಡು ಮತ್ತೆ ಕೋರ್ ಮುಂದಕ್ಕೇ ಬರುತ್ತದೆ. ಇದನ್ನು ಮರೆಯುವವರೇ ಹೆಚ್ಚು.

ಆಮೇಲೆ ಫ್ಯಾನನ್ನು ಕೈಯಲ್ಲಿ ಪೂರ್ತಿ ಸುತ್ತಿಸಿ, ಸುತ್ತಲೂ ಗ್ಯಾಪ್ ನೋಡಿ. ರೆಕ್ಕೆಯ ಅಗಲದ ಅರ್ಧದಷ್ಟು ಶ್ರೌಡ್ ಒಳಗಿದ್ದರೆ ಸರಿ. ಶ್ರೌಡ್‌ನ ಒಳ ಅಂಚಿಗೆ ಅಲ್ಲಲ್ಲಿ ಜೇಡಿಮಣ್ಣಿನ ಸಣ್ಣ ಉಂಡೆ ಅಂಟಿಸಿ ಒರಟು ದಾರಿಯಲ್ಲಿ ನಿಧಾನವಾಗಿ ಓಡಿಸಿ ಬನ್ನಿ, ರೆಕ್ಕೆ ಎಲ್ಲಿ ಹತ್ತಿರ ಬಂತೆಂದು ಅದೇ ಹೇಳುತ್ತದೆ. ಇಂಜಿನ್ ಮೌಂಟಿಂಗ್ ರಬ್ಬರ್ ಸವೆದಿದ್ದರೆ ಮೊದಲು ಅದನ್ನು ಬದಲಿಸಿ. ಎಕ್ಸಲರೇಟರ್ ಒತ್ತಿದಾಗೆಲ್ಲ ಇಂಜಿನ್ ವಾಲುತ್ತಿದ್ದರೆ ಈ ಅಳತೆಗಳಿಗೆ ಬೆಲೆಯಿಲ್ಲ.

ಒಮ್ಮೆ ಶ್ರೌಡ್‌ಗೆ ಬಡಿದ ಫ್ಯಾನನ್ನು ಮತ್ತೆ ಹಾಕಬೇಡಿ. ಬುಡದಲ್ಲಿ ಕೂದಲೆಳೆಯ ಬಿರುಕಿದ್ದರೂ ಸಾಕು, ವೇಗದಲ್ಲಿ ರೆಕ್ಕೆ ಕಿತ್ತು ಹಾರುತ್ತದೆ, ಬಾನೆಟ್ ತೆಗೆದು ನಿಂತವರ ಮುಖಕ್ಕೇ ಬರಬಹುದು. ತೂಕ ತಪ್ಪಿದ ಫ್ಯಾನ್ ವಾಟರ್ ಪಂಪಿನ ಬೇರಿಂಗನ್ನೂ ತಿನ್ನುತ್ತದೆ.

ಎಲೆಕ್ಟ್ರಿಕ್ ಫ್ಯಾನ್ ರೇಡಿಯೇಟರಿಗೇ ಕಟ್ಟಿಕೊಳ್ಳುವುದರಿಂದ ಲಿಫ್ಟಿನ ತಕರಾರೇ ಇರುವುದಿಲ್ಲ. ಆದರೆ ದೊಡ್ಡ ಜೋಡಿ ಫ್ಯಾನ್ 30 ಆಂಪಿಯರ್ ಮೀರಿ ಎಳೆಯಬಹುದು. ಹಳೆ ಆಲ್ಟರ್ನೇಟರ್ ಹೆಡ್‌ಲೈಟಿನ ಜೊತೆ ಅದನ್ನು ತಾಳುತ್ತದೆಯೇ ಎಂದು ಲೆಕ್ಕ ಹಾಕಿ. ರಿಲೇ, ಸರಿಯಾದ ಫ್ಯೂಸ್, ಥರ್ಮೋ ಸ್ವಿಚ್ ಇಲ್ಲದೆ ನೇರ ವೈರ್ ಎಳೆಯಬೇಡಿ.

ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಗಾಡಿಯಾದರೆ ರೇಡಿಯೇಟರಿಗೆ ಬರುವ ಎರಡು ಆಯಿಲ್ ಪೈಪುಗಳನ್ನು ಬಾಡಿ ಎತ್ತುವ ಮೊದಲೇ ಬಿಚ್ಚಿ. ಕಟ್ಟಿಯೇ ಎತ್ತಿದರೆ ನಟ್ಟಿನ ಬುಡದಲ್ಲಿ ಪೈಪ್ ಬಿರಿಯುತ್ತದೆ, ಸೋರಿಕೆ ಕಾಣುವುದು ಗಾಡಿ ಬಿಸಿಯಾದ ಮೇಲೆಯೇ.