ಗ್ರೆಟ್ಸ್ಕಿ ರೂಕಿ ಕಾರ್ಡ್: ಡಬ್ಬಿ ಬಿಚ್ಚದೆ ದುಡ್ಡು ಕೊಡಬೇಡಿ

ಕೆನಡಾದಲ್ಲಿರುವ ನಮ್ಮ ಕನ್ನಡದವರಲ್ಲಿ ಯಾರಾದರೂ ಹಳೇ ಹಾಕಿ ಕಾರ್ಡ್ ಕೂಡಿಡುತ್ತಿದ್ದರೆ ದಯವಿಟ್ಟು ಪೂರ್ತಿ ಓದಿ. ಈ ಜನವರಿಯಲ್ಲಿ ನಾನು 1,100 ಡಾಲರ್ ಕೊಟ್ಟು ನಕಲಿ ಕಾರ್ಡ್ ತಗೊಂಡೆ. ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿಯ ರೂಕಿ ಕಾರ್ಡ್, ಅಂದರೆ ಆತನ ಚಿತ್ರವಿರುವ ಮೊದಲ ವರ್ಷದ ಕಾರ್ಡ್. ಕೆನಡಾದ ಓ-ಪೀ-ಚೀ ಕಂಪನಿಯ 1979-80ರ ಸೆಟ್, ನಂಬರ್ 18.

ನಾನು ಕೊಡಗಿನವನು. ನಮ್ಮ ಕಡೆ ಹಾಕಿ ಅಂದರೆ ಮೈದಾನದ ಹಾಕಿ, ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ ಅವರ ಹಾಕಿ. ಎಡ್ಮಂಟನ್‌ಗೆ ಬಂದ ಮೇಲೆ ಮಗ ಐಸ್ ಮೇಲೆ ಆಡೋಕೆ ಶುರು ಮಾಡಿದ, ಅವನ ಜೊತೆ ನನಗೂ ಹುಚ್ಚು ಹತ್ತಿತು. ಈ ಊರಲ್ಲಿದ್ದು ಗ್ರೆಟ್ಸ್ಕಿ ಹೆಸರು ಕೇಳದೆ ಇರೋಕಾಗಲ್ಲ. 1984ರಿಂದ 1988ರೊಳಗೆ ಇಲ್ಲಿನ ಆಯ್ಲರ್ಸ್ ತಂಡಕ್ಕೆ ನಾಲ್ಕು ಸ್ಟ್ಯಾನ್ಲಿ ಕಪ್ (ಎನ್‌ಎಚ್‌ಎಲ್ ಲೀಗ್‌ನ ಚಾಂಪಿಯನ್ ಕಪ್) ಗೆದ್ದುಕೊಟ್ಟ ಆಟಗಾರ. ಆತನ 99 ನಂಬರಿನ ಜೆರ್ಸಿಯನ್ನು ಈಗ ಇಡೀ ಲೀಗ್‌ನಲ್ಲೇ ಯಾರಿಗೂ ಕೊಡಲ್ಲ. ಮಗನ ಹುಟ್ಟುಹಬ್ಬಕ್ಕೆ ಅದೊಂದು ಕಾರ್ಡ್ ಕೊಡಬೇಕು ಅಂತ ಎರಡು ವರ್ಷದಿಂದ ದುಡ್ಡು ಎತ್ತಿಡುತ್ತಿದ್ದೆ.

2021ರಲ್ಲಿ 10 ಗ್ರೇಡ್ (ಕಾರ್ಡಿನ ಸ್ಥಿತಿ ನೋಡಿ ಗ್ರೇಡಿಂಗ್ ಕಂಪನಿಯವರು ಕೊಡುವ ಅಂಕ, ಹತ್ತಕ್ಕೆ ಹತ್ತು) ಸಿಕ್ಕ ಒಂದು ಕಾರ್ಡ್ 37.5 ಲಕ್ಷ ಅಮೆರಿಕನ್ ಡಾಲರ್‌ಗೆ ಹೋಯಿತು. ಅದು ನಮ್ಮ ಮಾತಲ್ಲ ಬಿಡಿ. ಮೂಲೆ ಸವೆದಿದ್ದು, ಮಡಿಕೆ ಬಿದ್ದಿದ್ದು ಮಾತ್ರ ನಮ್ಮಂಥವರ ಕೈಗೆ ಎಟಕುತ್ತದೆ. ಮೋಸ ಮಾಡೋರಿಗೂ ಇದು ಚೆನ್ನಾಗಿ ಗೊತ್ತು.

ಮಾರುವವನು ಆನ್‌ಲೈನ್‌ನಲ್ಲಿ ಸಿಕ್ಕಿದ. ತಾತನ ಮನೆ ಖಾಲಿ ಮಾಡುವಾಗ ಸಿಕ್ಕಿದ್ದು ಅಂದ, ನಾಳೆ ಬೆಳಿಗ್ಗೆ ಇನ್ನೊಬ್ಬರು ಬಂದು ತಗೊಂಡು ಹೋಗ್ತಾರೆ, ಬೇಕಿದ್ದರೆ ಇವತ್ತೇ ಬನ್ನಿ ಅಂದ. ಹೋದೆ. ಸಂಜೆ ಕತ್ತಲೆ, ಕೊರೆಯೋ ಚಳಿ, ರಿಂಕ್ ಪಕ್ಕದ ಪಾರ್ಕಿಂಗ್‌ನಲ್ಲಿ ಕಾರೊಳಗೆ ಕೂತು ಮೇಲಿನ ಸಣ್ಣ ಲೈಟಿನಲ್ಲಿ ನೋಡಿದೆ. ಕಾರ್ಡ್ ನಾಲ್ಕು ಸ್ಕ್ರೂ ಬಿಗಿದ ದಪ್ಪ ಪ್ಲಾಸ್ಟಿಕ್ ಡಬ್ಬಿಯೊಳಗಿತ್ತು. ಬಿಚ್ಚಿ ನೋಡಲಾ ಅಂದೆ. ಬೇಡ, ಮೂಲೆ ಹಾಳಾಗುತ್ತೆ ಅಂದ. ಅವನು ಹೇಳಿದ್ದು ಸರಿ ಅನ್ನಿಸಿತು. ಅಲ್ಲೇ ಈ-ಟ್ರಾನ್ಸ್‌ಫರ್ ಮಾಡಿಬಿಟ್ಟೆ.

ಮನೆಗೆ ಬಂದು ಮಗ ಸ್ಕ್ರೂ ಬಿಚ್ಚಿದ. ಕಾರ್ಡಿನ ಬಲ ಕೆಳಮೂಲೆಯಲ್ಲಿ ಉಗುರಿನಷ್ಟು ಉದ್ದದ ಓರೆ ಮಡಿಕೆ ಇತ್ತು, ಅದಕ್ಕೇ ಬೆಲೆ ಕಡಿಮೆ ಅಂತ ಮಾರಿದವನು ಹೇಳಿದ್ದ. ಮಗ ಅದರ ಮೇಲೆ ಬೆರಳಾಡಿಸಿದ. ಮತ್ತೊಮ್ಮೆ ಆಡಿಸಿದ. "ಅಪ್ಪ, ಗೆರೆ ಕಾಣುತ್ತೆ, ಕೈಗೆ ಸಿಗ್ತಿಲ್ಲ" ಅಂದ. ನಾನೂ ಮುಟ್ಟಿದೆ. ಗಾಜಿನ ಹಾಗೆ ನುಣುಪು. ಅಂದರೆ ಯಾರೋ ಒಂದು ಅಸಲಿ ಹಳೇ ಕಾರ್ಡನ್ನು ಸ್ಕ್ಯಾನ್ ಮಾಡಿ, ಅದರ ಮಡಿಕೆಯನ್ನೂ ಸೇರಿಸಿ ಪ್ರಿಂಟ್ ಹೊಡೆದಿದ್ದಾರೆ. ಆ ಕ್ಷಣ ಮಗನ ಮುಖ ನೋಡೋಕಾಗಲಿಲ್ಲ.

ಮಾರನೇ ದಿನ ಕಾರ್ಡ್ ಅಂಗಡಿಯ ಹಿರಿಯರೊಬ್ಬರ ಹತ್ತಿರ ಹೋದೆ. ಅವರು ಭೂತಗನ್ನಡಿ ಕೊಟ್ಟು, ಚಿತ್ರ ಬಿಡಿ, ಅಕ್ಷರ ನೋಡಿ ಅಂದರು. ಆಗಿನ ಆಫ್‌ಸೆಟ್ ಪ್ರಿಂಟ್‌ನಲ್ಲಿ ಚಿತ್ರ ಬಣ್ಣದ ಚುಕ್ಕೆಗಳಿಂದ ಆಗಿರುತ್ತೆ, ಆದರೆ ಕಪ್ಪು ಅಕ್ಷರ ಒಂದೇ ಶಾಯಿಯಲ್ಲಿ ಗಟ್ಟಿಯಾಗಿ, ಅಂಚು ಚೂಪಾಗಿ ಬಿದ್ದಿರುತ್ತೆ. ನನ್ನ ಕಾರ್ಡಿನಲ್ಲಿ ಅಕ್ಷರದೊಳಗೂ ಕೆಂಪು, ನೀಲಿ ಚುಕ್ಕೆಗಳು. ಆಮೇಲೆ ಅಂಚು ತೋರಿಸಿದರು. ಓ-ಪೀ-ಚೀ ಕಾರ್ಡುಗಳನ್ನು ತಂತಿಯಿಂದ ಕತ್ತರಿಸುತ್ತಿದ್ದರಂತೆ, ಹಾಗಾಗಿ ಎಷ್ಟೋ ಕಾರ್ಡುಗಳ ಅಂಚು ಹರಿದ ಕಾಗದದ ಹಾಗೆ ಒರಟು. ನನ್ನದು ಬ್ಲೇಡಿನಲ್ಲಿ ಕೊಯ್ದ ಹಾಗಿತ್ತು. ಇದೆಲ್ಲ ಡಬ್ಬಿಯ ಹೊರಗಿನಿಂದ ಗೊತ್ತಾಗಲ್ಲ, ಅದಕ್ಕೇ ಆ ಸ್ಕ್ರೂ.

ಇನ್ನೊಂದು ವಿಷಯ. ಅದೇ ವರ್ಷ ಅಮೆರಿಕದ ಟಾಪ್ಸ್ ಕೂಡ ಇದೇ ಚಿತ್ರ, ಇದೇ 18ನೇ ನಂಬರಿನಲ್ಲಿ ಕಾರ್ಡ್ ತಂದಿತ್ತು. ಅದೂ ಅಸಲಿಯೇ, ಆದರೆ ಬೆಲೆ ಕಡಿಮೆ. ತಿರುಗಿಸಿ ನೋಡಿ: ಓ-ಪೀ-ಚೀ ಹಿಂಬದಿಯಲ್ಲಿ ಇಂಗ್ಲಿಷ್ ಜೊತೆ ಫ್ರೆಂಚ್ ಇರುತ್ತೆ, ಟಾಪ್ಸ್‌ನಲ್ಲಿ ಬರೀ ಇಂಗ್ಲಿಷ್. ಹಿಂಬದಿಯ ಫೋಟೋ ಹಾಕದವರ ಹತ್ತಿರ ವ್ಯಾಪಾರವೇ ಬೇಡ. ಗ್ರೇಡ್ ಆದ ಕಾರ್ಡ್ ಅಂದ ಮಾತ್ರಕ್ಕೂ ನಂಬಬೇಡಿ. ಗ್ರೇಡಿಂಗ್ ಕಂಪನಿಯವರು ಸೀಲ್ ಮಾಡಿ ಕೊಡುವ ಡಬ್ಬಿಗಳನ್ನೂ ನಕಲು ಮಾಡ್ತಾರೆ, ಅಸಲಿ ಕಾರ್ಡಿನ ಸರ್ಟಿಫಿಕೇಟ್ ನಂಬರನ್ನೇ ಲೇಬಲ್ಲಿಗೆ ಇಳಿಸ್ತಾರೆ. ಗ್ರೇಡಿಂಗ್ ಕಂಪನಿಯ ಸೈಟಿನಲ್ಲಿ ಆ ನಂಬರ್ ಹಾಕಿ, ಫೋಟೋ ಇದ್ದರೆ ಮೂಲೆ ಮೂಲೆ ಹೋಲಿಸಿ.

ಅಂಗಡಿಯ ಹಿರಿಯರು ಹೊರಡುವಾಗ ಅದೇ 1979-80ರ ಸೆಟ್‌ನ ಸಾಮಾನ್ಯ ಆಟಗಾರನೊಬ್ಬನ ಕಾರ್ಡ್ ಎರಡು ಡಾಲರ್‌ಗೆ ಕೊಟ್ಟರು. ಇದನ್ನು ಮೊದಲೇ ತಗೊಳ್ಳಬೇಕಿತ್ತು ಅಂದರು. ಕಾಗದದ ದಪ್ಪ, ನೀಲಿ ಅಂಚಿನ ಬಣ್ಣ, ಅಕ್ಷರ ಎಲ್ಲ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಈಗ ಅದು ಯಾವಾಗಲೂ ನನ್ನ ಪರ್ಸಿನಲ್ಲಿರುತ್ತದೆ.

ದುಡ್ಡು ಬರಲಿಲ್ಲ. ನೀವಾಗಿ ಕಳಿಸಿದ್ದು, ವಾಪಸ್ ತರಿಸೋಕಾಗಲ್ಲ ಅಂತ ಬ್ಯಾಂಕ್‌ನವರು ಹೇಳಿದರು. ಪೊಲೀಸರು ದೂರು ಬರೆದುಕೊಂಡರು. ಮಾರಿದವನ ಅಕೌಂಟ್ ಆಗಲೇ ಮಾಯವಾಗಿತ್ತು.

ಮೊನ್ನೆ ಭಾನುವಾರ ಬೇರೆ ಹೆಸರಿನಲ್ಲಿ ಇನ್ನೊಂದು ಗ್ರೆಟ್ಸ್ಕಿ ಕಾರ್ಡ್ ಮಾರಾಟಕ್ಕೆ ಬಂದಿದೆ. ಸ್ಕ್ರೂ ಡಬ್ಬಿ, ತಾತನ ಮನೆ, ಎಲ್ಲ ಹಾಗೇ. ಫೋಟೋ ದೊಡ್ಡದು ಮಾಡಿ ನೋಡಿದೆ. ಬಲ ಕೆಳಮೂಲೆ, ಉಗುರಿನಷ್ಟು ಉದ್ದ, ಅದೇ ಓರೆ ಮಡಿಕೆ.